ಕೋಳಿಯು ಕಾದಿಟ್ಟ ಕೆಂಪು

ಕೋಳಿಗೆ ಹಲ್ಲಿಲ್ಲ, ಅದು ಸಣ್ಣ ಕಲ್ಲುಗಳನ್ನು ನುಂಗಿ, ಹೊಟ್ಟೆಯೊಳಗಿನ ದಪ್ಪ ಮಾಂಸದ ಚೀಲದಲ್ಲಿಟ್ಟುಕೊಂಡು, ಅವುಗಳಿಂದ ಕಾಳನ್ನು ಅರೆಯುತ್ತದೆ. ಈ ಪಾಠವನ್ನು ಅನೇಕ ವರ್ಷ ಬೋಧಿಸಿದ ನನಗೆ, ಬೇಕಾದ ಸಮಯದಲ್ಲಿ ಅದು ನೆನಪಿಗೆ ಬರಲಿಲ್ಲ.

ಒಂದು ಮಳೆಗಾಲದಲ್ಲಿ ನನ್ನ ತಾಯಿಯವರ ಉಂಗುರದ ಕೆಂಪುಕಲ್ಲು ಕಳಚಿ ಕಾಣೆಯಾಯಿತು. ಅಂದು ನನ್ನ ಕೊಠಡಿಯನ್ನು ಗುಡಿಸಿದವಳು ವಸತಿಗೃಹದ ಒಬ್ಬ ಬಡ ಬಾಲಕಿ. “ನೀನು ಕಂಡೆಯಾ?” ಎಂದೆನು. “ಇಲ್ಲ, ಅಮ್ಮಾವರೇ” ಎಂದಳು. ಮೂರು ಸಲ ಕೇಳಿದೆನು. ಕಳ್ಳಿಯೆಂದು ನಾನು ಹೇಳಲಿಲ್ಲ; ಆದರೆ ಮರುದಿನದಿಂದ ಆ ಕೆಲಸವನ್ನು ಬೇರೊಬ್ಬಳಿಗೆ ಕೊಟ್ಟೆನು. ಅದರ ಅರ್ಥವು ಮಕ್ಕಳೆಲ್ಲರಿಗೂ ತಿಳಿಯಿತು.

ಕ್ರಿಸ್ಮಸ್ಸಿನ ಮುನ್ನಾದಿನ, ನಮ್ಮ ಜಗಲಿಯಲ್ಲಿಯೇ ಬೆಳೆದ ಮುದಿ ಕೋಳಿಯನ್ನು ಕೊಯ್ದ ಅಡಿಗೆಯವಳು, ಅದರ ಚೀಲದ ಮರಳಿನ ನಡುವೆ ಸಿಕ್ಕಿದ ಕೆಂಪನ್ನು ತೊಳೆದು ತಂದಳು. ಮುತ್ತಾಗಿದ್ದರೆ ಹೊಟ್ಟೆಯ ಆಮ್ಲದಲ್ಲಿ ಕರಗಿ ಸವೆದಿರುತ್ತಿತ್ತು. ಕೆಂಪು ಗಡಸುತನದಲ್ಲಿ ವಜ್ರಕ್ಕೆ ಹತ್ತಿರದ್ದು, ಆದುದರಿಂದ ಉಳಿಯಿತು.

ಯೋನನನ್ನು ಮೀನು 3 ದಿವಸ ಕಾಪಾಡಿತು. ನನ್ನ ಕೆಂಪನ್ನು ಕೋಳಿಯು ತಿಂಗಳುಗಟ್ಟಲೆ ಕಾಪಾಡಿತು. ನನ್ನ ವಶಕ್ಕೆ ಒಪ್ಪಿಸಲ್ಪಟ್ಟ ಮಗುವಿನ ಮಾನವನ್ನು ನಾನು ಒಂದು ದಿನವೂ ಕಾಪಾಡಲಿಲ್ಲ.

ಶಂಕೆಯು ಎಲ್ಲರೆದುರಿಗೆ ನಡೆದುದರಿಂದ ಕ್ಷಮೆಯೂ ಎಲ್ಲರೆದುರಿಗೇ ಆಗತಕ್ಕದ್ದು. ರಜೆ ಮುಗಿದು ಶಾಲೆ ತೆರೆದ ದಿನ, ಬೆಳಗಿನ ಪ್ರಾರ್ಥನೆಯ ಬಳಿಕ ಅವಳನ್ನು ಮುಂದೆ ಕರೆದು, ನಡೆದುದನ್ನೆಲ್ಲ ತಿಳಿಸಿ, ಕ್ಷಮೆ ಬೇಡಿದೆನು. ಅವಳು ಬಹಳ ಹೊತ್ತು ತಲೆ ತಗ್ಗಿಸಿ ನಿಂತಿದ್ದಳು. ಕಡೆಗೆ ಕೇಳಿದುದು ಒಂದೇ ಮಾತು: “ಹಾಗಾದರೆ ನಾಳೆಯಿಂದ ನಾನೇ ಗುಡಿಸಲೇ, ಅಮ್ಮಾವರೇ?”