ಮುಳ್ಳು ನೋಡ್ರೋ

ವರ್ಕ್‌ಶಾಪ್ ಹಿಂದಿನ ಶೆಡ್ಡಿನಲ್ಲಿ ಬೂದು ಬಣ್ಣದ ಒಂದು ಹಳೇ ಕಾರು ನಿಂತಿರೋದನ್ನ ನೀವೆಲ್ಲ ನೋಡಿರ್ತೀರಿ. ಅದು ನಮ್ಮದು. ನಾವು ಅಂದ್ರೆ ಎರಡನೇ ವರ್ಷದ ಮೆಕ್ಯಾನಿಕಲ್‌ನ ಐದು ಜನ. ತಲಾ 8,000 ಹಾಕಿ 40,000ಕ್ಕೆ ತಗೊಂಡ 2002ರ ಮಾಡೆಲ್, ನಾಲ್ಕು ಗೇರಿನ ಆಟೋಮ್ಯಾಟಿಕ್. ಸೆನ್ಸರ್ ಹಾಕಿ ಡೇಟಾ ತೆಗೆಯೋ ಪ್ರಾಜೆಕ್ಟ್ ಅಂತ ಮನೆಗಳಲ್ಲಿ ಹೇಳಿದ್ವಿ. ಅಸಲಿಗೆ ನಮಗೊಂದು ಕಾರು ಬೇಕಿತ್ತು, ಅಷ್ಟೇ.

ಹಾಸ್ಟೆಲ್ ಪದ್ಧತಿ ಪ್ರಕಾರ ನಮಗೆಲ್ಲ ಊರೇ ಹೆಸರು: ಹಾಸನ, ದಾವಣಗೆರೆ, ಶಿರಸಿ, ಕೋಲಾರ, ರಾಯಚೂರು. ಎಲ್ಲರೂ ಇಂಗ್ಲಿಷ್ ಮೀಡಿಯಂನವರೇ. ಹತ್ತನೇ ಕ್ಲಾಸಿನ ಕನ್ನಡ ಪೇಪರ್ ಆದ್ಮೇಲೆ ಇಷ್ಟುದ್ದ ಕನ್ನಡ ಬರೀತಿರೋದು ಇದೇ ಮೊದಲು. ಕಾಗುಣಿತ ತಪ್ಪಿದ್ರೆ ಸಂಪಾದಕರು ತಿದ್ದಲಿ. ಬಾಕಿ ತಪ್ಪುಗಳನ್ನ ನಾವೇ ಒಪ್ಕೋತೀವಿ.

ಆವತ್ತು ರಾತ್ರಿ ಊಟ ಮುಗಿಸಿ ಕ್ಯಾಂಪಸ್ ಒಳಗೇ ಒಂದು ರೌಂಡು ಹೊರಟಿದ್ವಿ. ಓಡಿಸ್ತಿದ್ದವನು ಹಾಸನ. ಲೈಬ್ರರಿ ಮುಂದಿನ ಹಂಪ್ ಇಳಿದದ್ದೇ ಕೆಳಗಿಂದ 'ಟಪ್' ಅಂತ ಒಂದು ಸದ್ದು. ಆಮೇಲೆ ಆಕ್ಸಿಲರೇಟರ್ ಒತ್ತಿದ್ರೆ ಇಂಜಿನ್ ಕೂಗುತ್ತೆ, ಗಾಡಿ ಮಾತ್ರ ಅಲ್ಲಾಡಲ್ಲ. ಡಿ ಹಾಕಿದ, ಎರಡು ಹಾಕಿದ, ರಿವರ್ಸ್ ಹಾಕಿದ. ಏನೂ ಇಲ್ಲ. ರಾಯಚೂರು ಹಿಂದಿನ ಸೀಟಲ್ಲಿ ಕೂತು ನಗುತ್ತಾ ವಿಡಿಯೋ ಮಾಡ್ತಿದ್ದ. ನಗು ನಿಂತ ಮೇಲೆ ಎಲ್ಲರೂ ಇಳಿದು ಶೆಡ್ಡಿನವರೆಗೂ ತಳ್ಳಿದ್ವಿ.

"ಗೇರ್ ಬಾಕ್ಸ್ ಹೋಯ್ತು" ಅಂತ ಮೊದಲು ಅಂದವರು ಯಾರೋ ನೆನಪಿಲ್ಲ. ತಳ್ಕೊಂಡು ಬರೋವಷ್ಟರಲ್ಲಿ ಎಲ್ಲರ ಬಾಯಲ್ಲೂ ಅದೇ ಇತ್ತು. ಪೂರ್ತಿ ನಿಲ್ಲೋ ಮೊದಲೇ ರಿವರ್ಸಿಂದ ಡಿಗೆ ಎಳೆಯೋ ಅಭ್ಯಾಸ ಹಾಸನನಿಗಿತ್ತು, ಅದಕ್ಕೆ ಎರಡು ಸಲ ಬೈದೂ ಇದ್ವಿ. ಹಾಗಾಗಿ ಕಾರಣ ಹುಡುಕೋ ಕೆಲಸವೇ ಬರಲಿಲ್ಲ. ಮಾರನೇ ದಿನ ಒಂದು ಗ್ಯಾರೇಜಿಗೆ ಫೋನ್ ಮಾಡಿದ್ರೆ, ಗಾಡಿ ನೋಡದೇನೇ 45,000 ಅಂದ್ರು. ಕಾರಿಗಿಂತ ಗೇರ್ ಬಾಕ್ಸ್ ದುಬಾರಿ. ಅರ್ಧ ಹಾಸನ ಕೊಡಬೇಕು ಅಂತ ತೀರ್ಮಾನ ಆಯ್ತು. ತೀರ್ಮಾನ ಆದದ್ದು ವಾಟ್ಸಾಪ್‌ನ ಹೊಸ ಗ್ರೂಪಲ್ಲಿ. ಅದರಲ್ಲಿದ್ದದ್ದು ನಾಲ್ಕೇ ಜನ.

ಅವನು ಜಗಳ ಆಡಲಿಲ್ಲ. "ಅಪ್ಪನಿಗೆ ಹೇಳೋಕಾಗಲ್ಲ ಕಣ್ರೋ, ಸ್ವಲ್ಪ ಸ್ವಲ್ಪ ಕೊಡ್ತೀನಿ" ಅಂದ. ಆ ವಾರವೇ 3,000 ಕಳಿಸಿದ. ಪಾವತಿಯ ಕೆಳಗೆ 'ಗೇರ್ ಬಾಕ್ಸ್ - 1' ಅಂತ ಬರೆದಿದ್ದ. ಶೆಡ್ಡಿಗೆ ಬರೋದನ್ನ ನಿಲ್ಲಿಸಿದ.

ಗೇರ್ ಬಾಕ್ಸ್ ಬಿಚ್ಚೋ ಮುಂಚೆ ಹೊರಗಿಂದ ನೋಡಬಹುದಾದದ್ದನ್ನೆಲ್ಲ ನೋಡೋಣ ಅಂದದ್ದು ದಾವಣಗೆರೆ. ಅವಳಿಗೆ 45,000ದ ಮೇಲೆ ಸಿಟ್ಟಿತ್ತು. ಮೊದಲು ಎಣ್ಣೆ. ಆಟೋಮ್ಯಾಟಿಕ್‌ನ ಎಣ್ಣೆಗೆ ಕೆಂಪು ಬಣ್ಣ ಬೆರೆಸಿರ್ತಾರೆ. ಒಳಗಿನ ಕ್ಲಚ್ ಪ್ಲೇಟು ಸುಟ್ರೆ ಅದು ಕಪ್ಪಾಗಿ ಸೀದ ವಾಸನೆ ಹೊಡೆಯುತ್ತೆ. ರೇಡಿಯೇಟರ್ ನೀರು ಸೇರಿಕೊಂಡ್ರೆ ಸ್ಟ್ರಾಬೆರಿ ಮಿಲ್ಕ್‌ಶೇಕ್ ಥರ ಆಗುತ್ತೆ. ನಮ್ಮದರ ಕಡ್ಡಿ ಎಳೆದು ನೋಡಿದ್ರೆ ಸ್ವಲ್ಪ ಮಾಸಲು ಕೆಂಪು, ವಾಸನೆ ಇಲ್ಲ, ಮಟ್ಟ ಎರಡು ಗೀಟಿನ ಮಧ್ಯೆ ಸರಿಯಾಗಿದೆ. ಕೆಳಗಿನ ಪ್ಯಾನ್ ಬಿಚ್ಚಿದ್ವಿ. ಅದರೊಳಗಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟು, ಅಷ್ಟೇ. ಇಷ್ಟು ವರ್ಷ ಓಡಿದ ಗಾಡಿಯಲ್ಲಿ ಅದು ಇರಬೇಕಾದದ್ದೇ. ಲೋಹದ ಚೂರು ಒಂದೂ ಇಲ್ಲ. ಸೆಲೆಕ್ಟರ್ ಕೇಬಲ್ ಕಿತ್ತಿದ್ರೆ ಒಳಗೆ ಲಿವರ್ ಆಡಿದ್ರೂ ಕೆಳಗೆ ಗೇರ್ ಬೀಳಲ್ಲ, ಅದನ್ನೂ ನೋಡಿದ್ವಿ. ಕೋಲಾರ ಲಿವರ್ ಎಳೆದ, ಶಿರಸಿ ಟಾರ್ಚ್ ಹಿಡಿದು ನೋಡಿದ. ಸರಿಯಾಗೇ ಆಡ್ತಿತ್ತು.

ಪ್ಯಾನ್ ಕೂರಿಸಿ, ಎಣ್ಣೆ ತುಂಬಿ, ಬ್ರೇಕ್ ಗಟ್ಟಿಯಾಗಿ ಒತ್ತಿಕೊಂಡು ಡಿಯಲ್ಲಿ ಆಕ್ಸಿಲರೇಟರ್ ಕೊಟ್ಟು ನೋಡಿದ್ವಿ. ಗೇರ್ ಬಾಕ್ಸ್ ಚೆನ್ನಾಗಿದ್ರೆ ಇಂಜಿನ್ ಒಂದು ಮಿತಿಯಲ್ಲಿ ತಿಣುಕಿ ನಿಲ್ಲಬೇಕು. ಐದು ಸೆಕೆಂಡಿಗಿಂತ ಹೆಚ್ಚು ಒತ್ತಬಾರದು, ಎಣ್ಣೆ ಕಾಯುತ್ತೆ. ನಮ್ಮದು ಎಲ್ಲೂ ತಿಣುಕಲಿಲ್ಲ, ಏರುತ್ತಾನೇ ಹೋಯ್ತು. ಕ್ಲಚ್ ಜಾರ್ತಿದೆ ಅಂತ ಬರ್ಕೊಂಡ್ವಿ. ವರ್ಕ್‌ಶಾಪಿನ ಸರ್ ಆ ಕಡೆ ಬಂದವರು ಕಡ್ಡಿ ಮೂಸಿ ನೋಡಿ, "ಎಣ್ಣೆ ಕೆಂಪಗಿದೆ, ವಾಸನೆ ಇಲ್ಲ. ಸುಟ್ಟಿದೆ ಅಂತೀರಲ್ಲ, ಏನ್ರೋ ಸುಟ್ಟಿರೋದು, ನಿಮ್ಮ ತಲೆನಾ?" ಅಂತ ಕೇಳಿ ಚಹಾಕ್ಕೆ ಹೋದ್ರು.

ಅದೇ ಹೊತ್ತಿಗೆ ಇನ್ನೊಂದಾಯ್ತು. ಪಾರ್ಕಿಂಗಲ್ಲಿ ಹಾಕಿಟ್ಟಿದ್ದ ಗಾಡಿ ತಾನಾಗೇ ಉರುಳಿ ಹೋಗಿ ಬೆಂಚಿಗೆ ಮುಟ್ಟಿತು. ಪಾರ್ಕಿಂಗಲ್ಲಿ ಗೇರ್ ಬಾಕ್ಸಿನ ಹಲ್ಲಿಗೆ ಒಂದು ಕೊಂಡಿ ಬಿದ್ದು ಹಿಡಿಯುತ್ತೆ. ಅದಕ್ಕೆ ಎಣ್ಣೆಯೂ ಬೇಡ, ಕ್ಲಚ್ಚೂ ಬೇಡ. ಹಂಗಾದ್ರೆ ಒಂದೇ ಟಪ್‌ಗೆ ಎಲ್ಲ ಕ್ಲಚ್ಚುಗಳೂ ಹೋಗಿ, ಅವಕ್ಕೆ ಸಂಬಂಧವೇ ಇಲ್ಲದ ಕೊಂಡಿಯೂ ಮುರೀತಾ? ಯಾರಿಗೂ ಉತ್ತರ ಗೊತ್ತಿರಲಿಲ್ಲ. ಆದ್ರೂ ನಾವು ಹೇಳಿದ್ದು, "ನೋಡು, ಹಾಸನ ಅದನ್ನೂ ಮುರಿದಿದಾನೆ" ಅಂತ.

ಆವತ್ತು ರಾತ್ರಿ ದಾವಣಗೆರೆ ಗ್ರೂಪಿಗೆ ರಾಯಚೂರಿನ ಆ ವಿಡಿಯೋ ಕಳಿಸಿ, "ಸೌಂಡ್ ಹಾಕ್ಕೊಂಡು ನೋಡ್ರಿ" ಅಂತ ಬರೆದಳು. ಗಾಜಿನಾಚೆ ಲೈಬ್ರರಿಯ ಕಂಬ ನಿಂತಲ್ಲೇ ನಿಂತಿದೆ. ಡ್ಯಾಶ್‌ಬೋರ್ಡಿನಲ್ಲಿ ಸ್ಪೀಡೋಮೀಟರಿನ ಮುಳ್ಳು 40ಕ್ಕೆ ಏರಿದೆ. ನಮ್ಮ ನಗುವಿನ ಮಧ್ಯೆ ಹಾಸನನ ದನಿ: "ಗೇರ್ ಬೀಳ್ತಿದೆ ಕಣ್ರೋ, ಮುಳ್ಳು ನೋಡ್ರೋ." ಅದನ್ನೇ ಎರಡನೇ ಸಲವೂ ಹೇಳ್ತಾನೆ. ಯಾರೂ ನೋಡಲ್ಲ.

ಈ ಗಾಡಿಯಲ್ಲಿ ಸ್ಪೀಡೋಮೀಟರಿಗೆ ಲೆಕ್ಕ ಹೋಗೋದು ಡಿಫರೆನ್ಷಿಯಲ್ ಕೇಜಿನಿಂದ, ಚಕ್ರದಿಂದಲ್ಲ. ಮುಳ್ಳು ಏರಿದೆ ಅಂದ್ರೆ ಗೇರ್ ಬಾಕ್ಸ್ ತನ್ನ ಕೆಲಸ ಮಾಡ್ತಿದೆ, ತಪ್ಪಿರೋದು ಅದರ ಮುಂದೆ. ಎರಡು ಬದಿಯ ವೇಗದ ಸರಾಸರಿಯೇ ಕೇಜಿನ ವೇಗ ಅಂತ ಇಂಟರ್ನಲ್ಸ್‌ನಲ್ಲಿ ನಾಲ್ಕೂ ಜನ ಬರೆದು ಮಾರ್ಕ್ಸ್ ತಗೊಂಡಿದ್ವಿ. ಒಂದು ಬದಿಯ ಆಕ್ಸಲ್ ಬಿಟ್ಟುಕೊಂಡ್ರೆ ತಿರುಗೋದೆಲ್ಲ ಆ ಬದಿಗೇ ಹೋಗುತ್ತೆ, ಇನ್ನೊಂದು ಬದಿಯ ಚಕ್ರ ಸುಮ್ಮನೆ ನಿಂತಿರುತ್ತೆ. ಇಂಜಿನ್ ತಿಣುಕದೆ ಏರಿದ್ದಕ್ಕೂ ಅದೇ ಕಾರಣ. ಪಾರ್ಕಿಂಗಲ್ಲಿ ಗಾಡಿ ಉರುಳಿದ್ದೂ ಅದಕ್ಕೇ. ಕೊಂಡಿ ಕೇಜನ್ನ ಹಿಡಿದಿತ್ತು, ಚಕ್ರವನ್ನ ಹಿಡಿಯೋಕೆ ನಡುವೆ ಆಕ್ಸಲ್ಲೇ ಇರಲಿಲ್ಲ.

ಬೆಳಿಗ್ಗೆ ಮುಂಭಾಗ ಜಾಕಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಡಿ ಹಾಕಿ ದೂರ ನಿಂತು ನೋಡಿದ್ವಿ. ಎಡಗಡೆ ಆಕ್ಸಲ್ ಗಿರ್ರನೆ ತಿರುಗ್ತಿದೆ, ಚಕ್ರ ನಿಂತಿದೆ. ಇಂಜಿನ್ ಆಫ್ ಮಾಡಿ ಚಕ್ರ ಬಿಚ್ಚಿದ್ರೆ ಒಳಗೆಲ್ಲ ಗ್ರೀಸ್ ಸಿಡಿದಿತ್ತು. ರಬ್ಬರ್ ಬೂಟು ಹಿಂಡಿದ ಬಟ್ಟೆ ಥರ ತಿರುಚಿಕೊಂಡು ಹರಿದಿತ್ತು. ಅದರ ಪಕ್ಕದಲ್ಲೇ ಮಲಗಿ ಮೂರು ದಿನ ಪ್ಯಾನ್ ಬಿಚ್ಚಿ ಹಾಕಿದ್ವಿ, ಆ ಕಡೆ ಟಾರ್ಚ್ ತಿರುಗಿಸಿರಲಿಲ್ಲ. ಹೊರಗಿನ ಜಾಯಿಂಟಿಂದ ಆಕ್ಸಲ್ ಕಳಚಿಕೊಂಡಿತ್ತು. ಅದು ಕಳಚದ ಹಾಗೆ ಹಿಡಿಯೋದು ಬಳೆಯ ತುಂಡಿನಂಥ ಒಂದು ಸಣ್ಣ ಸರ್‌ಕ್ಲಿಪ್. ಆಕ್ಸಲ್ ತುದಿಯ ಗಾಡಿಯಲ್ಲಿ ಸರ್‌ಕ್ಲಿಪ್ ಇರಲಿಲ್ಲ. ಕೆಳಗೆಲ್ಲೂ ಬಿದ್ದಿರಲೂ ಇಲ್ಲ.

ಶಿರಸಿ ಹೋಗಿ ಸ್ಪೇರ್ ಪಾರ್ಟ್ಸ್ ಡಬ್ಬ ಸುರಿದ. ತಿಂಗಳ ಹಿಂದೆ ಎಡಗಡೆಯ ಬೂಟು ಹೊಸದು ಹಾಕಿದ್ವಲ್ಲ, ಆ ಕಿಟ್ಟಿನ ಪ್ಲಾಸ್ಟಿಕ್ ಕವರ್ ಅದರಲ್ಲಿತ್ತು. ಹೊಸ ಸರ್‌ಕ್ಲಿಪ್ ಕವರೊಳಗೇ ಇತ್ತು, ಹರಿದೂ ಇರಲಿಲ್ಲ. ಬೂಟು ಹಾಕಿದ ಆ ಭಾನುವಾರ ಶೆಡ್ಡಿನಲ್ಲಿದ್ದವರು ನಾವು ನಾಲ್ಕು ಜನ. ಹಾಸನ ಅಕ್ಕನ ನಿಶ್ಚಿತಾರ್ಥ ಅಂತ ಊರಿಗೆ ಹೋಗಿದ್ದ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಜಾಯಿಂಟ್ ಕೂರಿಸಿದ ಕೈ ಯಾರದು ಅಂತ ನಮಗೆ ಗೊತ್ತು, ಇಲ್ಲಿ ಬರೆಯಲ್ಲ. ಮಿಕ್ಕ ಮೂವರೂ ಪಕ್ಕದಲ್ಲೇ ಬೋಂಡ ತಿಂತಾ ನಿಂತಿದ್ರು.

ಮಧ್ಯಾಹ್ನ ನಾಲ್ಕೂ ಜನ ಅವನ ರೂಮಿಗೆ ಹೋದ್ವಿ. ದಾವಣಗೆರೆಗೆ ಬಾಯ್ಸ್ ಹಾಸ್ಟೆಲ್ ಒಳಗೆ ಬಿಡಲ್ಲ, ಗೇಟಿನಿಂದಲೇ ಫೋನ್ ಸ್ಪೀಕರಿನಲ್ಲಿ ಇದ್ದಳು. ಸರ್‌ಕ್ಲಿಪ್ ಇದ್ದ ಕವರನ್ನ ಅವನ ಟೇಬಲ್ ಮೇಲಿಟ್ವಿ. ಹೇಳಬೇಕು ಅಂತ ದಾರಿಯಲ್ಲಿ ಸಿದ್ಧ ಮಾಡ್ಕೊಂಡಿದ್ದ ಮಾತು ಒಂದೂ ಬರಲಿಲ್ಲ. ಅವನು ಕವರ್ ತಿರುಗಿಸಿ ನೋಡಿ, "ಯಾವ ಕಡೆ?" ಅಂದ.

"ಎಡಗಡೆ."

"ಹ್ಞೂಂ. ಸದ್ದು ಆ ಕಡೆಯಿಂದಲೇ ಬಂದಿತ್ತು."

ಅವನ 3,000 ಅಲ್ಲೇ ವಾಪಸ್ ಹಾಕಿದ್ವಿ. ನಾಲ್ಕು ಜನರ ಗ್ರೂಪ್ ಡಿಲೀಟ್ ಮಾಡ್ತಿದೀವಿ ಅಂತ ಕೋಲಾರ ಹೇಳಿದ. ಅಂಥದ್ದೊಂದು ಇರೋದು ಅವನಿಗೆ ಮೊದಲ ದಿನವೇ ಗೊತ್ತಿತ್ತಂತೆ.

ಜಾಯಿಂಟಿನ ಹಲ್ಲುಗಳು ಸವೆದಿದ್ವು, ಬೂಟು ಸೇರಿಸಿ ಹೊಸದಕ್ಕೆ 2,900 ಆಯ್ತು. ನಾವು ನಾಲ್ಕೇ ಜನ ಹಂಚಿಕೊಂಡ್ವಿ, ಅವನಿಗೆ ಹೇಳಲಿಲ್ಲ. ಬಿಲ್ ಶೆಡ್ಡಿನ ಬೆಂಚ್ ಮೇಲೆ ಬಿದ್ದಿತ್ತು. ರಾತ್ರಿ ಅವನಿಂದ 580 ಬಂತು. ಕೆಳಗೆ ಬರೆದಿದ್ದ: 'ಎಡಗಡೆ ಜಾಯಿಂಟ್, 5ರಲ್ಲಿ 1'.