ಪದ್ಮಕ್ಕನ ಕೊಪ್ಪೆ

ಇದನ್ನ ಬರೀಬೇಕು ಅಂತ ತುಂಬಾ ದಿನದಿಂದ ಅಂದ್ಕೊಳ್ತಾ ಇದ್ದೆ. ಬರೆದ್ರೆ ನನ್ನ ಮರ್ಯಾದೆ ನಾನೇ ಕಳ್ಕೊಂಡ ಹಾಗಾಗುತ್ತೆ ಅಂತ ಮುಂದೆ ಹಾಕ್ತಾ ಬಂದೆ. ಮೊನ್ನೆ ಗೆಳತಿಯೊಬ್ಬಳು ಫೋನ್ ಮಾಡಿ, "ನಮ್ಮ ಮಾವನವರ ಹಳೇ ಅಂಬಾಸಿಡರ್‌ಗೆ ಒಂದು ಕವರ್ ತಗೋಬೇಕು ಕಣೇ, ಯಾವ್ದು ತಗೊಳ್ಲಿ?" ಅಂದ್ಲು. ಅರ್ಧ ಗಂಟೆ ಭಾಷಣ ಬಿಗಿದೆ. "ಅಯ್ಯೋ, ಒಂದು ಕವರ್ರಿಗೆ ಇಷ್ಟೆಲ್ಲಾನಾ!" ಅಂತ ನಕ್ಕು ಫೋನಿಟ್ಲು. ಅವಳಿಗೆ ಹೇಳದೆ ಉಳಿಸಿಕೊಂಡ ಭಾಗ ಇಲ್ಲಿದೆ.

ನಮ್ಮನೆ ಕಾರು 1984ರ ಪ್ರೀಮಿಯರ್ ಪದ್ಮಿನಿ. ಕೆನೆ ಬಣ್ಣದ್ದು. ಅಪ್ಪ 1991ರಲ್ಲಿ ಶಿವಮೊಗ್ಗದ ಡಾಕ್ಟರೊಬ್ಬರ ಹತ್ರ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಪದ್ಮಿನಿ ಅನ್ನೋದು ಕಾಗದದ ಮೇಲಿನ ಹೆಸರು, ನಮ್ಮೂರಲ್ಲಿ ಅದನ್ನ ಯಾರೂ ಹಾಗೆ ಕರೆದಿದ್ದೇ ಇಲ್ಲ. ಎಲ್ಲರಿಗೂ ಅದು 'ಫಿಯೆಟ್ಟು'. ತಪ್ಪೂ ಅಲ್ಲ ಬಿಡಿ, ಮುಂಬೈಯ ಕುರ್ಲಾದಲ್ಲಿ ತಯಾರಾಗ್ತಿದ್ದ ಈ ಕಾರು ಹುಟ್ಟಿದ್ದೇ ಫಿಯೆಟ್ 1100 ಅಂತ, ಪದ್ಮಿನಿ ಅಂತ ನಾಮಕರಣ ಆಗಿದ್ದು 1974ರ ಹೊತ್ತಿಗೆ. ನಮ್ಮನೇಲಿ ಮಾತ್ರ ಅದು ಪದ್ಮಕ್ಕ. ಅಮ್ಮ ಇಟ್ಟ ಹೆಸರು. ಅಪ್ಪ ಭಾನುವಾರ ಬೆಳಗ್ಗೆ ಬಕೆಟ್ಟು, ಹಳೇ ಬನಿಯನ್ನು ಹಿಡ್ಕೊಂಡು ಹೊರಟ್ರೆ "ಹೋದ್ರು, ಪದ್ಮಕ್ಕನಿಗೆ ಅಭ್ಯಂಜನ ಮಾಡ್ಸಕ್ಕೆ" ಅಂತಿದ್ಲು. ನಾನು ಡ್ರೈವಿಂಗ್ ಕಲ್ತಿದ್ದು ಇದರಲ್ಲೇ. ಸ್ಟಿಯರಿಂಗ್ ಪಕ್ಕದಲ್ಲೇ ಗೇರು. ಎರಡನೇ ಗೇರಿಗೆ ಹಾಕೋವಾಗ ಕೈ ಎಲ್ಲಿ ಹೋಗ್ಬೇಕು ಅನ್ನೋದು ಈಗ್ಲೂ ನಿದ್ದೆಯಲ್ಲೂ ಗೊತ್ತಿದೆ.

ನಮ್ಮೂರು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ. ಮಳೆ ಎಂಥದ್ದು ಅಂತ ಬೇರೆ ಹೇಳ್ಬೇಕಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುತ್ತೆ, ನಮ್ಮಲ್ಲಿ ಅದಕ್ಕಿಂತ ಒಂಚೂರು ಕಮ್ಮಿ ಇರಬಹುದು ಅಷ್ಟೇ. ಅಂಥಾ ಊರಲ್ಲಿ ಅಪ್ಪ ಮೂವತ್ತು ವರ್ಷ ಈ ಕಾರನ್ನ ತುಕ್ಕಿಲ್ಲದೆ ಉಳಿಸ್ಕೊಂಡಿದ್ರು. ಕೊಟ್ಟಿಗೆಯ ಪಕ್ಕ ಹೆಂಚಿನ ಮಾಡಿನ ಕೆಳಗೆ ಅದರ ಜಾಗ. ಮೇಲೆ ಹೊದೆಸ್ತಿದ್ದಿದ್ದು ಅಮ್ಮನ ನಾಲ್ಕು ಹಳೇ ಹತ್ತಿ ಸೀರೆ ಕೂಡ್ಸಿ ಪೇಟೆಯ ಟೈಲರ್ ಹೊಲಿದುಕೊಟ್ಟ ಒಂದು ಹೊದಿಕೆ. ಹ್ಯಾಂಡ್ ಬ್ರೇಕ್ ಎಳೀತಿರಲಿಲ್ಲ (ಮಳೆಗಾಲದಲ್ಲಿ ಬ್ರೇಕ್ ಶೂ ಡ್ರಮ್ಮಿಗೆ ಹಿಡ್ಕೊಂಡು ಬಿಡುತ್ತೆ), ಚಕ್ರಕ್ಕೆ ಒಂದು ಕಲ್ಲು ಕೊಡ್ತಿದ್ರು. ವಾರಕ್ಕೊಮ್ಮೆ ಎಂಜಿನ್ ಸ್ಟಾರ್ಟ್ ಮಾಡಿ ಅಂಗಳದಲ್ಲಿ ಎರಡು ಸುತ್ತು. ಇಷ್ಟೇ ಅವರ ವಿದ್ಯೆ.

2023ರ ಬೇಸಿಗೆಯಲ್ಲಿ ಕೊಟ್ಟಿಗೆ ಬಿಚ್ಚಿಸಿ ಹೊಸದು ಕಟ್ಟಿಸೋದು ಅಂತಾಯ್ತು. ಮಳೆಯೊಳಗೆ ಮುಗಿಯಲ್ಲ ಅಂತ ಗಾರೆಯವರು ಮೊದಲೇ ಹೇಳಿದ್ರು. ಪದ್ಮಕ್ಕ ಆ ಮಳೆಗಾಲ ಅಂಗಳದ ಮೂಲೆಯಲ್ಲಿ, ನಾಲ್ಕು ಕಂಬದ ಮೇಲೆ ತಗಡು ಹೊದ್ದ ಚಪ್ಪರದಲ್ಲಿ ಇರಬೇಕು. ಮೇಲಿಂದ ಮಳೆ ಬೀಳಲ್ಲ, ಆದ್ರೆ ಮೂರು ಕಡೆಯಿಂದ ಇರಚಲು. ಅಪ್ಪ ಫೋನಲ್ಲಿ ಇದನ್ನ ಹೇಳಿ "ಎಂತಾದ್ರೂ ಮಾಡದು" ಅಂದ್ರು. ನಾನು ಬೆಂಗಳೂರಿನ ಆಫೀಸಲ್ಲಿ ಊಟದ ಹೊತ್ತಲ್ಲಿ, ಒಂದು ಕೈಯಲ್ಲಿ ಚಪಾತಿ ಹಿಡ್ಕೊಂಡು, ಹತ್ತು ನಿಮಿಷದಲ್ಲಿ ಆನ್‌ಲೈನಲ್ಲಿ ಒಂದು ಕವರ್ ಬುಕ್ ಮಾಡ್ದೆ. 1,400 ರೂಪಾಯಿ. ಬೆಳ್ಳಿ ಬಣ್ಣ. ನೂರಕ್ಕೆ ನೂರು ವಾಟರ್‌ಪ್ರೂಫ್ ಅಂತ ಬರೆದಿತ್ತು. ಮಲೆನಾಡಿಗೆ ಇದಕ್ಕಿಂತ ಬೇರೆ ಇನ್ನೇನು ಬೇಕು? ಮೇ ಕೊನೆಗೆ ಊರಿಗೆ ಹೋದಾಗ ನಾನೇ ಹೊದೆಸಿ, ಕೆಳಗೆ ಪಟ್ಟಿ ಬಿಗಿದು, ಫೋಟೋನೂ ತೆಗ್ದೆ. ಅಪ್ಪ ಬಟ್ಟೆಯನ್ನ ಬೆರಳಲ್ಲಿ ಉಜ್ಜಿ ನೋಡಿದ್ರು. "ಜೋರಿದೆ" ಅಂದ್ರು. ಅಷ್ಟೇ.

ಜುಲೈಯಲ್ಲಿ ಅಪ್ಪ ಅಂಗಳದ ಹಾವಸೆ ಮೇಲೆ ಕಾಲು ಜಾರಿ ಬಿದ್ರು. ಸೊಂಟಕ್ಕೆ ಪೆಟ್ಟು, ಆರು ವಾರ ಮಂಚ. ನೋಡಕ್ಕೆ ಹೋದಾಗ ಕಿಟಕಿಯಿಂದ ಚಪ್ಪರ ಕಾಣ್ತಿತ್ತು, ಬೆಳ್ಳಿ ಕವರ್ ಒಳಗೆ ಪದ್ಮಕ್ಕ ಬೆಚ್ಚಗೆ ಕೂತಿದ್ಲು. ಮೇಲೆ ನೀರು ಮುತ್ತಿನ ಹಾಗೆ ಉರುಳಿ ಬೀಳ್ತಿತ್ತು. ಒಂದಾದ್ರೂ ಸರಿಯಾದ ಕೆಲಸ ಮಾಡಿದೀನಲ್ಲ ಅಂತ ಖುಷಿ ಪಟ್ಟಿದ್ದೂ ನೆನಪಿದೆ.

ಕವರ್ ತೆಗೆದಿದ್ದು ಅಕ್ಟೋಬರ್ 23ಕ್ಕೆ, ಆಯುಧಪೂಜೆಯ ಬೆಳಗ್ಗೆ.

ಮೊದಲು ಬಂದಿದ್ದು ವಾಸನೆ. ಒದ್ದೆ ಗೋಣಿಚೀಲದ್ದು. ಕವರ್ ಎತ್ತಿದಾಗ ಅದರ ಒಳಮೈಯ ಬೆಳ್ಳಿ ಪುಡಿ ಪುಡಿಯಾಗಿ ಕಾರಿನ ಮೈಗೆ ಅಂಟಿಕೊಂಡಿತ್ತು. ಟಾಪ್ ಮೇಲೆ, ಬಾನೆಟ್ ಮೇಲೆ ಅಮ್ಮ ಬಂದವರ ಹಾಗೆ ಗುಳ್ಳೆ. ಒಂದನ್ನ ಮುಟ್ಟಿದೆ, ಒಡೀತು, ಒಳಗೆ ಕೆಂಪು ನೀರು. ಹಿಂದಿನ ಎರಡು ರೆಕ್ಕೆಯ ಏಣಿನ ಮೇಲೆ ಬಣ್ಣವೇ ಸವೆದು ತಗಡು ಇಣುಕ್ತಿತ್ತು. ಬಂಪರಿನ ಕ್ರೋಮ್ ಮೇಲೆ ರಾಗಿಕಾಳಿನಂಥ ಚುಕ್ಕೆ. ಬಾಗಿಲು ತೆಗೆದ್ರೆ ಸ್ಟಿಯರಿಂಗ್ ಮೇಲೆ ಬಿಳೀ ಬೂಷ್ಟು, ಹಿಂದಿನ ಸೀಟೊಳಗೆ ಇಲಿ ಬಾಣಂತನ.

ತಮಾಷೆ ಅಂದ್ರೆ ಆ ವರ್ಷ ಮಳೆ ಕಮ್ಮಿ. ರಾಜ್ಯದ ಹೆಚ್ಚಿನ ತಾಲ್ಲೂಕುಗಳನ್ನ ಬರಪೀಡಿತ ಅಂತ ಘೋಷಿಸಿದ ವರ್ಷ ಅದು. ಹೆಚ್ಚು ಮಳೆಯ ಮೂವತ್ತು ವರ್ಷ ತಡೆದ ಕಾರು ಕಮ್ಮಿ ಮಳೆಯ ಒಂದು ವರ್ಷದಲ್ಲಿ ಹಾಳಾಯ್ತು.

ಅಮ್ಮ "ಎಂತ ಸಾವು ಇದು!" ಅಂದು ಬಾಯಿಗೆ ಸೆರಗು ಹಿಡಿದ್ಲು. ಅಪ್ಪ ಕೋಲೂರಿಕೊಂಡು ಒಂದು ಸುತ್ತು ಬಂದ್ರು. ನಾನು ಬೈಗುಳಕ್ಕೆ ಕಾಯ್ತಾ ನಿಂತಿದ್ದೆ. "ಪೂಜೆಗೆ ಹೊತ್ತಾಯ್ತು, ನೀರು ಹಾಕು" ಅಂದ್ರು. ಗುಳ್ಳೆಗಳ ಪಕ್ಕದಲ್ಲೇ ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು ಪೂಜೆ ಮಾಡಿದ್ರು. ಒಂದು ವಾರ ಕಳೆದು, ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗೀತು ಅಂತ ಪೇಪರಲ್ಲಿ ಬಂತು. ಕೊನೆಯದು ನೋಂದಣಿಯಾಗಿ ಇಪ್ಪತ್ತು ವರ್ಷ ತುಂಬಿತ್ತಂತೆ. ಅಪ್ಪ ಅದನ್ನ ಕತ್ತರಿಸಿಟ್ಟಿದ್ರು, ನನಗೆ ತೋರಿಸಲಿಲ್ಲ. ಬಯ್ದಿದ್ರೆ ಎಷ್ಟೋ ವಾಸಿ ಇತ್ತು...

ಟಿಂಕರಿಂಗ್ ಮತ್ತು ಪೇಂಟಿಂಗಿಗೆ 62,000 ರೂಪಾಯಿ ಆಯ್ತು. ಪೇಂಟರ್ ಬಾನೆಟ್ಟನ್ನ ಕೆರೆದು ತೋರಿಸ್ತಾ, "ಇದು ಮಳೆ ನೀರಲ್ಲ ಮೇಡಂ, ಬೆವರು" ಅಂದ. ಅವನು ವಿವರಿಸಿದ ಮೇಲೆ ನಾಚಿಕೆಯಾಯ್ತು, ಎಂಟನೇ ಕ್ಲಾಸಿನ ವಿಜ್ಞಾನ ಅದು. ಮಣ್ಣಿನ ನೆಲದಿಂದ ತೇವ ಏಳ್ತಾನೇ ಇರುತ್ತೆ. ಕಾರಿನ ಸುತ್ತ ಪ್ಲಾಸ್ಟಿಕ್ ಗುಡಾರ ಕಟ್ಟಿದ್ರೆ ಅದು ಒಳಗೇ ಸಿಕ್ಕಿಹಾಕ್ಕೊಳ್ಳುತ್ತೆ. ರಾತ್ರಿ ತಣ್ಣಗಾದಾಗ ಕವರಿನ ಒಳಮೈಯಲ್ಲಿ, ತಗಡಿನ ಮೇಲೆ ಹನಿಗಟ್ಟುತ್ತೆ. ಹಗಲು ಬಿಸಿಯಾಗಿ ಆವಿ, ರಾತ್ರಿ ಮತ್ತೆ ಹನಿ, ಹೀಗೆ ಐದು ತಿಂಗಳು. ಹಳೇ ಡ್ಯೂಕೋ ಪೇಂಟಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರ್ತವೆ, ಈಗಿನ ಕಾರಿನ ಹಾಗೆ ಮೇಲೊಂದು ಪಾರದರ್ಶಕ ಪದರದ ರಕ್ಷಣೆ ಇರಲ್ಲ. ತೇವ ಒಳಗಿಳಿದು ತಗಡು ತುಕ್ಕು ಹಿಡಿದು ಉಬ್ಬಿದ್ರೆ ಅದೇ ಗುಳ್ಳೆ. ಇನ್ನು ರೆಕ್ಕೆ ಸವೆದಿದ್ದಕ್ಕೆ ಕಾರಣ ಗಾಳಿ. ಕವರ್ ಸಡಿಲ, ಒಳಗೆ ಧೂಳು. ಗಾಳಿಗೆ ಪಟಪಟ ಹೊಡ್ಕೊಳ್ಳೋವಾಗ ಬಟ್ಟೆ ಉಪ್ಪುಕಾಗದ ಆಗುತ್ತೆ.

2024ರ ಬೇಸಿಗೆಗೆ ಹೊಸ ಬಣ್ಣದ ಪದ್ಮಕ್ಕ ಸಿದ್ಧವಾದ್ಲು, ಕೊಟ್ಟಿಗೆಯೂ ಎದ್ದಿತ್ತು, ಆದ್ರೆ ಒಂದು ಪಕ್ಕ ಗೋಡೆ ಇರಲಿಲ್ಲ. ಮತ್ತೆ ಕವರ್ ಬೇಕು. ಈ ಸಲ ಹತ್ತು ನಿಮಿಷ ಅಲ್ಲ, ಒಂದೂವರೆ ತಿಂಗಳು ತಗೊಂಡೆ. ಎರಡು ಶನಿವಾರ ಜೆ.ಸಿ. ರಸ್ತೆ ಅಲೆದೆ. ಅಲ್ಲಿ ಕಲಿತ ಮೊದಲ ಪಾಠ, 'ಬ್ರೀದಬಲ್' ಅನ್ನೋ ಪದವನ್ನ ನಂಬಬಾರದು. ಪ್ಲಾಸ್ಟಿಕ್ ಲೇಪದ ಬಟ್ಟೆಗೆ ಎರಡು ಅಂಗೈ ಅಗಲದ ಬಲೆ ಹೊಲಿದು "ಉಸಿರಾಡುತ್ತೆ ಮೇಡಂ" ಅಂತಾರೆ. ಉಸಿರಾಡಬೇಕಾದ್ದು ಬಟ್ಟೆ, ಕಿಟಕಿಯಲ್ಲ.

ಇನ್ನೊಂದು ಅಳತೆ. ಪದ್ಮಿನಿ ಉದ್ದ ಸುಮಾರು 3.9 ಮೀಟರ್, ಹಾಗಾಗಿ ಅಂಗಡಿಯವರು ಈಗಿನ ಡಿಜೈರ್ ಸೈಜಿನ ಕವರ್ ಕೈಗಿಡ್ತಾರೆ. ಉದ್ದ ಸರಿಹೋಗುತ್ತೆ. ಆದ್ರೆ ಡಿಜೈರ್ 1.7 ಮೀಟರಿಗೂ ಹೆಚ್ಚು ಅಗಲ, ನಮ್ಮ ಪದ್ಮಕ್ಕ ಒಂದೂವರೆ ಮೀಟರೂ ಇಲ್ಲ. ಒಂದು ಗೇಣಿಗೂ ಮಿಕ್ಕಿ ಸಡಿಲ. ಜೊತೆಗೆ ಎರಡೂ ಕಡೆ ಕನ್ನಡಿಗೆ ಅಂತ ಹೊಲಿದ ಜೇಬು. ನಮ್ಮದಕ್ಕೆ ಕನ್ನಡಿ ಇರೋದೇ ಒಂದು, ಬಲಗಡೆ. ಎಡಗಡೆ ಜೇಬು ಬೆಕ್ಕಿನ ಕಿವಿಯ ಹಾಗೆ ನಿಂತಿರುತ್ತೆ :)

ಅಂತೂ ಮೂರು ಥರದ ಬಟ್ಟೆ ತುಂಡು ಸಂಪಾದಿಸಿ ಊರಿಗೆ ಹೋದೆ. ಒಂದು, ನಾನು ಹಿಂದೆ ತಗೊಂಡಿದ್ದ ಥರದ್ದೇ ಬೆಳ್ಳಿ ಲೇಪದ ಪಾಲಿಯೆಸ್ಟರ್. ಎರಡನೇದು ಒಳಗಡೆ ಮೆತ್ತಗಿರೋ, ಹೊರಗೆ ದಪ್ಪ ಪಿವಿಸಿ ಇರೋದು. ಮೂರನೇದು ಮೂರು ಪದರದ್ದು, ನೇಯದ ಬಟ್ಟೆ, ನಡುವೆ ಒಂದು ತೆಳು ಪೊರೆ. ಆ ಪೊರೆಯಲ್ಲಿ ತೀರಾ ಸಣ್ಣ ರಂಧ್ರಗಳು. ನೀರಿನ ಹನಿ ದಾಟಕ್ಕಾಗಲ್ಲ, ಆವಿ ದಾಟುತ್ತೆ ಅಂತ ಅದರ ಹೇಳಿಕೆ.

ಅಪ್ಪ ಮೂರನ್ನೂ ಬೆಳಕಿಗೆ ಹಿಡಿದು ನೋಡಿ, "ಬಿಸಿನೀರು ಕಾಯಿಸು" ಅಂದ್ರು. ನಾಲ್ಕು ಲೋಟಕ್ಕೆ ಬಿಸಿನೀರು ಬಗ್ಗಿಸಿದ್ರು. ಮೂರಕ್ಕೆ ನನ್ನ ಬಟ್ಟೆ, ನಾಲ್ಕನೇದಕ್ಕೆ ಹರಿದ ಕಂಬಳಿಯ ತುಂಡು, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಮೇಲೆ ಒಂದೊಂದು ಸ್ಟೀಲ್ ತಟ್ಟೆ ಬೋರಲು ಹಾಕಿದ್ರು. ಐದು ನಿಮಿಷ ಬಿಟ್ಟು ಎತ್ತಿದ್ರೆ, ಪಾಲಿಯೆಸ್ಟರ್, ಪಿವಿಸಿ ಎರಡರ ತಟ್ಟೆಯೂ ಒಣಾ ಒಣ. ಬಟ್ಟೆ ಬಿಚ್ಚಿ ಮಗುಚಿದ್ರೆ ಒಳಮೈ ತುಂಬಾ ಹನಿ. ಮೂರು ಪದರದ್ದರ ತಟ್ಟೆ ಮಂಜಾಗಿತ್ತು. ಕಂಬಳಿಯ ತಟ್ಟೆಯಿಂದ ನೀರೇ ತೊಟ್ಟಿಕ್ತಿತ್ತು. ಆಮೇಲೆ ತಂಬಿಗೆಯಿಂದ ಮೇಲೆ ನೀರು ಹೊಯ್ದು ನೋಡಿದ್ರು. ಮೂರು ಪದರದ್ದು ತಡೀತು. ಕಂಬಳಿ ಸ್ವಲ್ಪ ಹೊತ್ತು ತಡೆದು ಸೋತಿತು.

"ಗದ್ದೆ ಕೆಲಸದವರು ಕಂಬಳಿ ಕೊಪ್ಪೆ ಬಿಟ್ಟು ಪ್ಲಾಸ್ಟಿಕ್ ಕೊಪ್ಪೆ ಹಾಕ್ಕಂಡಾಗ ಎಂತ ಹೇಳ್ತಿದ್ರು ಗೊತ್ತನಾ? ಮಳೇಲಿ ನೆನೆಯದು ತಪ್ತು, ಬೆವರಲ್ಲಿ ನೆನೆಯದು ಶುರುವಾಯ್ತು ಅಂತ" ಅಂದ್ರು. "ಕೊಳೆರೋಗಕ್ಕೆ ಅಡಿಕೆ ಕೊನೆಗೆ ಕೊಟ್ಟೆ ಕಟ್ತೀವಲ, ಪ್ಲಾಸ್ಟಿಕ್ಕಿಂದೇ ಆದ್ರೂ ಕೆಳಗೆ ಬಾಯಿ ಬಿಟ್ಟೇ ಕಟ್ಟದು. ಬಾಯಿ ಮುಚ್ಚಿದ್ರೆ ಕೊನೆ ಒಳಗೇ ಕೊಳೀತದೆ."

ನನಗೆ ಆಗ ಹೊಳೀತು. "ಹಾಗಾದ್ರೆ ಆ ಕವರ್ ತಂದಾಗ್ಲೇ ನಿಮಗೆ ಗೊತ್ತಿತ್ತಾ ಅಪ್ಪಾ?"

ಅಪ್ಪ ಲೋಟದ ನೀರನ್ನ ದಾಸವಾಳದ ಬುಡಕ್ಕೆ ಚೆಲ್ಲಿದ್ರು. "ಗೊತ್ತಿತ್ತು. ಬಿಸಿಲು ಬಂದ ದಿನ ಬಿಚ್ಚಿ ಗಾಳಿ ಆಡ್ಸಿದ್ರಾಯ್ತು ಅಂದ್ಕಂಡಿದ್ದೆ. ಜೂನಲ್ಲಿ ಆಡ್ಸಿದೀನಿ. ಬೀಳ್ತೀನಿ ಅಂತ ಯಾರಿಗೆ ಗೊತ್ತಿತ್ತು?"

"ಬೇಡ ಅಂತ ಹೇಳ್ಬಹುದಿತ್ತಲ್ಲ!"

"ನೀ ಬೆಂಗ್ಳೂರಿಂದ ಹೊತ್ಕಂಡು ಬಂದಿದ್ದಿ ಪುಟ್ಟಿ" ಅಂದ್ರು.

ಇದಕ್ಕೆ ಏನು ಹೇಳೋದು ಅಂತ ನನಗೆ ಈಗ್ಲೂ ಗೊತ್ತಿಲ್ಲ. ಆರು ವಾರ ಮಂಚದಲ್ಲಿ ಮಲಗಿ, ಕಿಟಕಿಯಿಂದ ಆ ಬೆಳ್ಳಿ ಗುಡಾರ ನೋಡ್ತಾ, ಒಳಗೆ ಏನಾಗ್ತಿದೆ ಅಂತ ಗೊತ್ತಿದ್ದೂ, ಪಕ್ಕದಲ್ಲಿ ಕೂತು ಖುಷಿ ಪಡ್ತಿದ್ದ ನನಗೆ ಒಂದು ಮಾತು ಹೇಳಲಿಲ್ಲ. "ಆ ಕವರ್ ತೆಗೆದುಬಿಡು" ಅಂದಿದ್ರೆ ಎರಡು ನಿಮಿಷದ ಕೆಲಸ. ಅವತ್ತು ರಾತ್ರಿ ಸ್ವಲ್ಪ ಸಿಟ್ಟೂ ಬಂತು ನನಗೆ, ಸುಳ್ಳು ಯಾಕೆ ಹೇಳಲಿ.

ಕೊನೆಗೆ ಮಾಡಿದ್ದು ಇಷ್ಟು. ಹೊರಗೆ ಮೂರು ಪದರದ ಬಟ್ಟೆ, ಪದ್ಮಕ್ಕನ ಅಳತೆಗೇ ಹೊಲಿಸಿದ್ದು. ಎಡಗಡೆ ಕಿವಿ ಇಲ್ಲ. ಹೊಟ್ಟೆಯ ಕೆಳಗೆ ಎರಡು ಪಟ್ಟಿ, ಗಾಳಿಗೆ ಅಲುಗಬಾರದು ಅಂತ. ಅದರೊಳಗೆ ಅಮ್ಮನ ಸೀರೆಗಳ ಹೊದಿಕೆ, ಒಗೆದು ಒಣಗಿಸಿದ್ದು. ಹೊದೆಸೋ ಮುಂಚೆ ಕಾರು ತೊಳೆದು ಪೂರ್ತಿ ಒಣಗಿರಬೇಕು, ಎಂಜಿನ್ ಆರಿರಬೇಕು. ಪ್ಲಾಸ್ಟಿಕ್ ಹಾಳೆಯೂ ಇದೆ, ಆದ್ರೆ ಕಾರಿನ ಮೇಲಲ್ಲ, ಹೊಸ ಕೊಟ್ಟಿಗೆಯ ಸಿಮೆಂಟ್ ನೆಲದ ಅಡಿಗೆ ಹಾಸಿದೀವಿ. ನೆಲದ ತೇವ ಅಲ್ಲೇ ನಿಲ್ಲಲಿ ಅಂತ. ಬಿಸಿಲು ಬಿದ್ದ ದಿನ ಬಿಚ್ಚೋ ಕೆಲಸಕ್ಕೆ ಪಕ್ಕದ ಮನೆ ಹುಡುಗನನ್ನ ಗೊತ್ತು ಮಾಡಿದೀನಿ. ಅವನಿಗೆ ಸಂಬಳ ವಾರಕ್ಕೊಂದು ಸಲ ಸ್ಟಿಯರಿಂಗ್ ಹಿಂದೆ ಕೂತು ಹಾರ್ನ್ ಹೊಡೆಯೋ ಅವಕಾಶ.

2024ರಲ್ಲಿ ಮಳೆ ಬಿಟ್ಟೂಬಿಡದೆ ಹೊಡೀತು. ಆಯುಧಪೂಜೆಗೆ ಎರಡು ದಿನ ಮುಂಚೆಯೇ ಊರಿಗೆ ಹೋಗಿದ್ದೆ, ತಡೆಯೋಕಾಗದೆ ರಾತ್ರಿ ಟಾರ್ಚ್ ಹಿಡ್ಕೊಂಡು ಕೊಟ್ಟಿಗೆಗೆ ಹೋಗಿ ಕವರಿನ ತುದಿ ಎತ್ತಿ ಕೈ ಒಳಗೆ ಹಾಕಿದೆ. ಸೀರೆ ಒಣಗಿತ್ತು. ಅದರಡಿಗೆ ಬಾನೆಟ್ಟು ನುಣ್ಣಗೆ, ತಣ್ಣಗೆ. ಹಿಂದೆ ಯಾರೋ ನಿಂತ ಹಾಗನ್ನಿಸಿ ತಿರುಗಿದ್ರೆ ಅಪ್ಪ, ಅವರ ಕೈಯಲ್ಲೂ ಒಂದು ಟಾರ್ಚು.

"ಮಧ್ಯಾಹ್ನವೇ ನೋಡಿದೀನಿ, ಹೋಗಿ ಮಲಕ್ಕ" ಅಂದ್ರು.

ಆ ಬೆಳ್ಳಿ ಕವರ್ ಏನಾಯ್ತು ಅಂದ್ರಾ? ಅಮ್ಮ ಎಸೆಯಕ್ಕೆ ಬಿಡಲಿಲ್ಲ. ಈಗ ಅದು ಬಚ್ಚಲು ಒಲೆಯ ಸೌದೆ ರಾಶಿ ಮೇಲಿದೆ. ಹೋದಾಗೆಲ್ಲ ಕಣ್ಣಿಗೆ ಬೀಳುತ್ತೆ.