ಕೀ ತೆಗೆದ ಮೇಲಿನ ಒಂದೆರಡು ನಿಮಿಷ

ಆ ವೀಲ್ ಲೋಡರ್ ಕೆಟ್ಟಿದ್ದು ನಾನು ಹೊರಡಿಸಿದ ಒಂದು ಆದೇಶದಿಂದ. ಬೈಸಿಕೊಂಡವನು ಮಾತ್ರ ಆಪರೇಟರ್.

ಕೊಪ್ಪಳ ಜಿಲ್ಲೆಯ ಒಂದು ರಸ್ತೆ ಅಗಲೀಕರಣದ ಕೆಲಸದಲ್ಲಿ ಯಂತ್ರಗಳ ಉಸ್ತುವಾರಿ ನನ್ನದಾಗಿತ್ತು. ರಾತ್ರಿ ಯಾರೋ ಲೈಟು ಆರಿಸದೆ ಹೋಗುವುದು, ಬೆಳಗ್ಗೆ ಬ್ಯಾಟರಿ ಇಳಿದು ಯಂತ್ರ ಸ್ಟಾರ್ಟ್ ಆಗದಿರುವುದು ಮಾಮೂಲಾಗಿತ್ತು. ರೋಸಿಹೋಗಿ ಒಂದು ನಿಯಮ ಮಾಡಿದೆ: ಎಂಜಿನ್ ಆಫ್ ಮಾಡಿ ಕೆಳಗಿಳಿದ ತಕ್ಷಣ ಬ್ಯಾಟರಿಯ ಕಟಾಫ್ ಸ್ವಿಚ್ ತಿರುಗಿಸಬೇಕು, ತಪ್ಪಿದರೆ ದಂಡ. ಬ್ಯಾಟರಿ ಸಮಸ್ಯೆ ನಿಂತಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಬಿಎಸ್ 6 ಟಿಪ್ಪರ್‌ಗಳು 2020ರ ಏಪ್ರಿಲ್‌ನಿಂದ ಬಂದವು. ಮಣ್ಣೆತ್ತುವ ಯಂತ್ರಗಳಿಗೆ ಸ್ಟೇಜ್ 4 ಹೊಗೆ ನಿಯಮ 2021ರ ಏಪ್ರಿಲ್‌ನಲ್ಲಿ ಬಂತು. ಇವುಗಳಲ್ಲಿ ಅನೇಕಕ್ಕೆ ಡೀಸೆಲ್ ಟ್ಯಾಂಕಿನ ಜೊತೆಗೆ ನೀಲಿ ಮುಚ್ಚಳದ ಇನ್ನೊಂದು ಟ್ಯಾಂಕು. ಅದರಲ್ಲಿರುವುದು ಡೆಫ್: ನೂರಕ್ಕೆ 32.5 ಭಾಗ ಶುದ್ಧ ಯೂರಿಯಾ, ಉಳಿದದ್ದು ಖನಿಜಾಂಶ ತೆಗೆದ ನೀರು. ಬಿಸಿ ಹೊಗೆಗೆ ಇದನ್ನು ಸಿಂಪಡಿಸಿದರೆ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ, ಅಮೋನಿಯಾ ಕ್ಯಾಟಲಿಸ್ಟಿನಲ್ಲಿ ಹೊಗೆಯ ನೈಟ್ರೋಜನ್ ಆಕ್ಸೈಡುಗಳನ್ನು (ನಾಕ್ಸ್) ಸಾದಾ ನೈಟ್ರೋಜನ್ ಮತ್ತು ನೀರಾವಿಯಾಗಿ ಮಾಡುತ್ತದೆ. ಈ ವಿದ್ಯೆ ನನಗೆ ಬಾಯಿಪಾಠವಿತ್ತು. ಎಂಜಿನ್ ನಿಂತ ಮೇಲೆ ಆ ಪೈಪುಗಳಲ್ಲಿ ಏನಾಗುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಮೊದಲು ಲೋಡರ್‌ನ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿತು. ನಂತರ ಬಕೆಟ್ ತುಂಬಿದರೆ ಯಂತ್ರ ಏರು ಹತ್ತಲಾರದಾಯಿತು. ಡೆಫ್ ಸರಿಯಾಗಿ ಸಿಂಪಡಣೆ ಆಗದಿದ್ದರೆ ಕಂಪ್ಯೂಟರ್ ತಾನೇ ಎಂಜಿನ್‌ನ ಶಕ್ತಿ ಕಡಿಮೆ ಮಾಡುತ್ತದೆ. ಕೋಡ್ ಓದಿಸಿದೆ. ಹೊಗೆಯಲ್ಲಿ ನಾಕ್ಸ್ ಹೆಚ್ಚು ಎಂದು ಬಂತು. ನಾಕ್ಸ್ ಸೆನ್ಸರ್ ಬದಲಿಸಿದೆ; ಅದೊಂದಕ್ಕೇ ಹತ್ತಾರು ಸಾವಿರ. ನಿಜಕ್ಕೂ ಸೆನ್ಸರ್ ಸುಳ್ಳು ಹೇಳುತ್ತಿರಲಿಲ್ಲ, ನಾಕ್ಸ್ ಹೆಚ್ಚೇ ಇತ್ತು. ಸುದ್ದಿ ತಂದವನನ್ನೇ ಕೆಲಸದಿಂದ ತೆಗೆದಂತಾಯಿತು. ದೀಪ ಕೆಲ ದಿನ ಆರಿ ಮತ್ತೆ ಹತ್ತಿತು. ಡೆಫ್ ಸಿಂಪಡಿಸುವ ಡೋಸಿಂಗ್ ಇಂಜೆಕ್ಟರ್ ಬದಲಿಸಿದೆ. ಅದೂ ಸ್ವಲ್ಪ ಕಾಲ ನಡೆದು ಕಟ್ಟಿಕೊಂಡಿತು. ಆಗ ಡೆಫ್‌ಗೆ ಬೋರ್‌ವೆಲ್ ನೀರು ಬೆರೆಸಿ ಕದ್ದು ಮಾರುತ್ತಿದ್ದೀಯ ಎಂದು ಆಪರೇಟರ್ ಮೇಲೆ ಹರಿಹಾಯ್ದೆ. ಎಲ್ಲರ ಎದುರು.

ಕುಷ್ಟಗಿ ಕಡೆಯ ಹುಡುಗ ಅವನು. ನನ್ನ ಕಟಾಫ್ ನಿಯಮ ಬಂದ ಹೊಸದರಲ್ಲೇ ನನ್ನ ಬಳಿ ಬಂದು ಕೇಳಿದ್ದ: "ಕೀ ತಗದ ಮ್ಯಾಲೂ ಒಳಗ ಏನೋ ಗುಂಯ್ ಅಂತೈತ್ರಿ ಸರ. ಅದು ನಿಂತ ಮ್ಯಾಲ ಸ್ವಿಚ್ ಆಫ್ ಮಾಡ್ಲೇನ್ರಿ?" ಹೇಳಿದಷ್ಟು ಮಾಡು ಎಂದು ಕಳಿಸಿದ್ದೆ.

ಕೊನೆಗೆ ಬಂದ ಹಿರಿಯ ಮೆಕ್ಯಾನಿಕ್ ಲ್ಯಾಪ್‌ಟಾಪ್ ಬಿಚ್ಚಲಿಲ್ಲ. ಇಂಜೆಕ್ಟರ್ ಬಿಚ್ಚಿ ಅದರ ತುದಿಯಲ್ಲಿ ಗಟ್ಟಿಯಾಗಿದ್ದ ಬಿಳಿ ಪದಾರ್ಥವನ್ನು ಉಗುರಿನಲ್ಲಿ ಕೆರೆದು ನೋಡಿದರು. ಆಮೇಲೆ ಹುಡುಗನನ್ನು ಕರೆದು, "ಸಂಜೆ ಗಾಡಿ ಹೆಂಗ ನಿಲ್ಲಸ್ತಿ, ಮಾಡಿ ತೋರ್ಸು" ಎಂದರು. ಅವನು ಮಾಡಿ ತೋರಿಸಿದ. ನನಗೆ ಅಲ್ಲಿ ನಿಲ್ಲುವುದು ಕಷ್ಟವಾಯಿತು.

ಎಂಜಿನ್ ನಿಂತ ಮೇಲೆ ಡೆಫ್ ಪಂಪು ಪೈಪಿನಲ್ಲಿ, ಇಂಜೆಕ್ಟರ್‌ನಲ್ಲಿ ಉಳಿದದ್ದನ್ನು ಟ್ಯಾಂಕಿಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹುಡುಗನಿಗೆ ಕೇಳಿಸಿದ್ದು ಅದೇ ಸದ್ದು. ಒಂದೆರಡು ನಿಮಿಷದ ಕೆಲಸ, ಯಂತ್ರದಿಂದ ಯಂತ್ರಕ್ಕೆ ವ್ಯತ್ಯಾಸ ಇದೆ. ಕೆಲವದರಲ್ಲಿ ಸ್ವಿಚ್ಚಿನ ಪಕ್ಕ ಚಿಕ್ಕ ದೀಪವಿರುತ್ತದೆ, ಅದು ಆರುವ ತನಕ ಕಾಯಬೇಕು. ಕಟಾಫ್ ತಿರುಗಿಸಿದರೆ ಪಂಪಿಗೆ ಕರೆಂಟಿಲ್ಲ. ಡೆಫ್ ಬಿಸಿ ಸೈಲೆನ್ಸರ್ ಪಕ್ಕದಲ್ಲೇ ನಿಂತು ನೀರು ಆರಿ ಹರಳಾಗುತ್ತದೆ. ಹೊಸ ಹರಳು ಬಿಸಿನೀರಿಗೆ ಕರಗುತ್ತದೆ. ದಿನವೂ ಬೆಂದ ಹರಳು ಸಯನೂರಿಕ್ ಆಮ್ಲದಂಥ ಬೇರೆಯೇ ವಸ್ತುವಾಗಿ ಬಿಡುತ್ತದೆ, ಅದು ಸುಲಭಕ್ಕೆ ಕರಗದು. ಮಧ್ಯಾಹ್ನದ ಬಿಸಿಲಿಗೆ ಏಸಿ ಹಾಕಿಕೊಂಡು ಗಂಟೆಗಟ್ಟಲೆ ಎಂಜಿನ್ ಸುಮ್ಮನೆ ಓಡಿಸುವುದೂ ಇದಕ್ಕೆ ಕೈ ಜೋಡಿಸಿತ್ತು: ಹೊಗೆ 200 ಡಿಗ್ರಿಯ ಆಸುಪಾಸು ಕಾಯದಿದ್ದರೆ ಯೂರಿಯಾ ಪೂರ್ತಿ ಒಡೆಯದೆ ಪೈಪಿಗೆ ಅಂಟುತ್ತದೆ.

ನಾಚಿಕೆಯ ಇನ್ನೊಂದು ಸಂಗತಿ ಸ್ಟೋರಿನ ರಿಜಿಸ್ಟರಿನಲ್ಲಿತ್ತು. ನೂರು ಲೀಟರ್ ಡೀಸೆಲ್ ಸುಟ್ಟರೆ ಡೆಫ್ ಸಾಧಾರಣ 3ರಿಂದ 5 ಲೀಟರ್ ಖರ್ಚಾಗಬೇಕು. ಆ ಲೋಡರ್ ಡೆಫ್ ಕುಡಿಯುವುದನ್ನು ದೀಪ ಹತ್ತುವ ಮೊದಲೇ ಕಡಿಮೆ ಮಾಡಿತ್ತು. ಕದ್ದು ಮಾರುತ್ತಿದ್ದರೆ ಖರ್ಚು ಏರಬೇಕಿತ್ತಲ್ಲ! ಆ ಪುಟಗಳಿಗೆ ಸಹಿ ಹಾಕಿದವನೂ ನಾನೇ. ಹುಡುಗನ ಮೇಲಿನ ಗುಮಾನಿಯನ್ನಾದರೂ ರಿಫ್ರಾಕ್ಟೋಮೀಟರ್‌ನಲ್ಲಿ ಒಂದು ಹನಿ ಇಟ್ಟು ನೋಡಿ ಪರಿಹರಿಸಿಕೊಳ್ಳಬಹುದಿತ್ತು. ನೀರು ಬೆರೆತಿದ್ದರೆ ಪ್ರಮಾಣ 32.5ರಿಂದ ಕೆಳಗಿಳಿದಿರುತ್ತದೆ. ಮೆಕ್ಯಾನಿಕ್ ನೋಡಿದಾಗ ಸರಿಯಾಗೇ ಇತ್ತು.

ಆದರೆ ಆ ಉಪಕರಣವನ್ನೂ ಪೂರ್ತಿ ನಂಬುವಂತಿಲ್ಲ. ಹೊಲಕ್ಕೆ ಹಾಕುವ ಬೇವು ಲೇಪಿತ ಯೂರಿಯಾವನ್ನು ನೀರಿಗೆ ಕಲಸಿ ಅಗ್ಗಕ್ಕೆ ಮಾರುವವರಿದ್ದಾರೆ. ಪ್ರಮಾಣ ಸರಿಯಿದ್ದರೆ ರಿಫ್ರಾಕ್ಟೋಮೀಟರ್ ಅದನ್ನೂ ಪಾಸು ಮಾಡುತ್ತದೆ. ಅದರೊಳಗಿನ ಕಲ್ಮಶ ಕ್ಯಾಟಲಿಸ್ಟನ್ನು ಹಾಳು ಮಾಡುತ್ತದೆ. ರೈತರ ಸಬ್ಸಿಡಿ ಗೊಬ್ಬರ ಹೀಗೆ ಬಳಸುವುದು ಅಪರಾಧ ಕೂಡ. ಒಳ್ಳೆಯ ಡೆಫ್ ಸಹ ನಮ್ಮ ಕಡೆಯ ಬೇಸಿಗೆಯಲ್ಲಿ ತಗಡಿನ ಶೆಡ್ಡಿನಲ್ಲಿ ಬೇಗ ಕೆಡುತ್ತದೆ: 35 ಡಿಗ್ರಿಯಲ್ಲಿ ಆರು ತಿಂಗಳು ಬಾಳಿಕೆ, ಅದಕ್ಕೂ ಹೆಚ್ಚಾದರೆ ಇನ್ನೂ ಕಡಿಮೆ. ಡೀಸೆಲ್ ಸುರಿದ ಕ್ಯಾನು, ಫನೆಲ್ ಇದಕ್ಕೆ ಮುಟ್ಟಿಸಲೇಬಾರದು. ತುಸು ಡೀಸೆಲ್ ಸೇರಿದರೂ ರಬ್ಬರ್ ಸೀಲುಗಳು ಉಬ್ಬುತ್ತವೆ. ಯಾರಾದರೂ ತಪ್ಪಿ ಡೆಫನ್ನು ಡೀಸೆಲ್ ಟ್ಯಾಂಕಿಗೇ ಸುರಿದಿದ್ದರೆ ಕೀ ಮುಟ್ಟಬೇಡಿ, ಮೊದಲು ಟ್ಯಾಂಕ್ ಖಾಲಿ ಮಾಡಿಸಿ.

ಹುಡುಗನಿಂದ ಹಿಡಿದಿದ್ದ ದಂಡ ವಾಪಸು ಕೊಟ್ಟೆ, ಎಲ್ಲರ ಎದುರೇ ಕ್ಷಮೆ ಕೇಳಿದೆ. ಅವನು "ಇರ್ಲಿ ಬಿಡ್ರಿ ಸರ" ಎಂದ. ಮುಂದಿನ ತಿಂಗಳು ಬೇರೆ ಸೈಟಿಗೆ ಹೋದ. ಈಗಲೂ ಅಲ್ಲಲ್ಲಿ ಕೆಲವರು ಡೆಫ್ ಕಾಟವೇ ಬೇಡವೆಂದು ಕಂಪ್ಯೂಟರಿಗೆ ಸುಳ್ಳು ಹೇಳುವ ಪೆಟ್ಟಿಗೆ ಹಾಕಿಸುತ್ತಾರೆ. ಕಾನೂನು ಒಪ್ಪುವುದಿಲ್ಲ, ಹೊಗೆ ಕುಡಿಯುವವರು ನಮ್ಮವರೇ. ಅದಕ್ಕಿಂತ ಅಗ್ಗದ ದಾರಿ ಇದೆ. ನಿಮ್ಮ ಯಂತ್ರದ ಕೈಪಿಡಿಯಲ್ಲಿ ಎಂಜಿನ್ ನಿಲ್ಲಿಸುವ ಕ್ರಮದ ಪುಟ ತೆಗೆದು ಆಪರೇಟರ್‌ಗೆ ಅವನ ಮಾತಿನಲ್ಲೇ ಓದಿ ಹೇಳಿ. ಅವನು ಏನಾದರೂ ಕೇಳಿದರೆ ಉತ್ತರ ಕೊಡಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ.